ಹೆರಿಗೆ ಆಸ್ಪತ್ರೆಗೆ ಬಂತು, ಜೊತೆಗಿದ್ದವಳು ಹೊರಗುಳಿದಳು

ನೋವು ಶುರುವಾಗಿ ಆಸ್ಪತ್ರೆ ಮುಟ್ಟಿದಾಗ ರಾತ್ರಿ ಹತ್ತೂವರೆ. 2011ರ ಮಾತು. ಹೆರಿಗೆ ಕೋಣೆಯ ಬಾಗಿಲಲ್ಲೇ ನಿಲ್ಲಿಸಿಕೊಂಡ ಸಿಸ್ಟರ್, 'ಒಡವೆ ಎಲ್ಲ ಬಿಚ್ಚಿ ಮನೆಯವರ ಕೈಗೆ ಕೊಡಮ್ಮ' ಎಂದರು. ತಾಳಿ, ಓಲೆ, ಮೂಗುಬೊಟ್ಟು, ಬಳೆ, ಕಾಲುಂಗುರ. ಕಾಲು ಊದಿಕೊಂಡಿದ್ದರಿಂದ ಕಾಲುಂಗುರ ಬರಲಿಲ್ಲ. ಅಮ್ಮ ಅಲ್ಲೇ ನೆಲದ ಮೇಲೆ ಕೂತು, ಕೊಬ್ಬರಿ ಎಣ್ಣೆ ಸವರಿ, ಮೆಲ್ಲಗೆ ತಿರುಗಿಸಿ ತಿರುಗಿಸಿ ತೆಗೆದಳು. ಎಲ್ಲವನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿಲು ಮುಚ್ಚಿತು. ಮಾರನೆಯ ದಿನ ಬೆಳಗ್ಗೆ ಒಂಬತ್ತೂವರೆಗೆ ಮಗು ಹುಟ್ಟುವವರೆಗೂ ನಾನು ಒಳಗೆ, ಅವಳು ಹೊರಗೆ.

ಒಳಗೆ ಮೂರು ಮೇಜುಗಳಿದ್ದವು. ನಡುವೆ ಪರದೆ ಹಾಕಲು ಕಂಬಿ ಇತ್ತು, ಪರದೆ ಇರಲಿಲ್ಲ. ನನ್ನನ್ನು ಯಾರೂ ಹೊಡೆಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮೇಜಿನ ಹುಡುಗಿಗೆ, ಹೆಚ್ಚೆಂದರೆ ಇಪ್ಪತ್ತು ವರ್ಷ ಇದ್ದೀತು, ತೊಡೆಯ ಮೇಲೆ ಎರಡು ಏಟು ಬಿದ್ದವು. ಮುಕ್ಕು ಎಂದಾಗ ಮುಕ್ಕದೆ ಕಿರುಚಿದಳು ಎಂಬುದು ಅವಳ ತಪ್ಪು. ಏಟಿನ ಹಿಂದೆಯೇ ಹೆರಿಗೆ ಕೋಣೆಗಳ ಆ ಹಳೆಯ ಮಾತೂ ಬಂತು: 'ಆವಾಗ ಚೆನ್ನಾಗಿತ್ತು, ಈಗ ನೋವಾಯ್ತಾ?' ಆಮೇಲೆ ಬೇರೆ ಬೇರೆ ಊರುಗಳಲ್ಲಿ ಹೆತ್ತ ಗೆಳತಿಯರನ್ನು ಕೇಳಿದ್ದೇನೆ. ಭಾಷೆ ಬೇರೆ ಬೇರೆ, ಮಾತು ಅದೇ. ಯಾವ ನರ್ಸಿಂಗ್ ಕಾಲೇಜಿನಲ್ಲೂ ಇದನ್ನು ಕಲಿಸುವುದಿಲ್ಲ, ಆದರೂ ಎಲ್ಲರಿಗೂ ಬರುತ್ತದೆ.

ಅದೇ ಸಿಸ್ಟರ್ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ತಮ್ಮ ಫ್ಲಾಸ್ಕಿನಿಂದ ನನಗೆ ಅರ್ಧ ಲೋಟ ಕಾಫಿ ಕೊಟ್ಟರು. ಆ ರಾತ್ರಿ ಆ ಕೋಣೆಗೂ ಹೊರಗಿನ ವಾರ್ಡಿಗೂ ಸೇರಿ ಇದ್ದವರು ಅವರೊಬ್ಬರೇ. ಒಬ್ಬಳಿಗೆ ಡ್ರಿಪ್ ಹಾಕುವಷ್ಟರಲ್ಲಿ ಇನ್ನೊಬ್ಬಳು ಕೂಗುತ್ತಿದ್ದಳು. ಕೈಯೆತ್ತಿದ ಹೆಂಗಸೂ ಕಾಫಿ ಕೊಟ್ಟ ಹೆಂಗಸೂ ಒಬ್ಬರೇ ಆಗಿದ್ದರಿಂದ ಈ ವಿಷಯದಲ್ಲಿ ಯಾರನ್ನಾದರೂ ಸುಮ್ಮನೆ ಬೈದು ಮುಗಿಸಲು ನನಗೆ ಆಗುವುದಿಲ್ಲ.

ನನ್ನನ್ನು ಇಷ್ಟು ವರ್ಷ ಕಾಡಿರುವುದು ಆ ಬಾಗಿಲು. ಮದುವೆಗೆ, ಸೀಮಂತಕ್ಕೆ, ನಾಮಕರಣಕ್ಕೆ ಊರೆಲ್ಲ ಬರುತ್ತದೆ. ಬಸುರಿ ಏನು ತಿನ್ನಬೇಕು, ಯಾವ ಮಗ್ಗುಲಿಗೆ ಮಲಗಬೇಕು, ಗ್ರಹಣದ ದಿನ ಏನು ಮಾಡಬಾರದು ಎಂದು ಹೇಳಲು ಮನೆ ತುಂಬ ಜನ. ಹೊಟ್ಟೆ ಗುಂಡಗಿದೆಯೋ ಚೂಪಗಿದೆಯೋ ನೋಡಿ ಗಂಡು ಹೆಣ್ಣು ಹೇಳಲು ಪಕ್ಕದ ಮನೆಯವರಿಗೂ ಹಕ್ಕು. ಆದರೆ ಹೆರುವ ಹೊತ್ತಿಗೆ ಅವಳು ಒಬ್ಬಳೇ. ಇದು ಯಾವಾಗ, ಹೇಗೆ ಹೀಗಾಯಿತು?

ನನ್ನಮ್ಮ ನಮ್ಮನ್ನು ಹೆತ್ತದ್ದು ಮನೆಯಲ್ಲಿ. ತೊಲೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಕುಕ್ಕರಗಾಲಲ್ಲಿ ಕೂತು. ಬೆನ್ನ ಹಿಂದೆ ಅಜ್ಜಿ, ಮುಂದೆ ಸೂಲಗಿತ್ತಿ. ನೋವು ಬಂದಾಗಲೆಲ್ಲ ಅಜ್ಜಿಯ ಎದೆಗೆ ಒರಗಿಕೊಳ್ಳುತ್ತಿದ್ದೆ ಎನ್ನುತ್ತಾಳೆ. ನಮ್ಮ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಬಹಳ ಜನಕ್ಕೆ ಗೊತ್ತು. ಒಂದು ರೂಪಾಯಿ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅವರಂಥ ಕೈಗಳು ಆಗ ಸುತ್ತಮುತ್ತಲ ಊರುಗಳಲ್ಲೆಲ್ಲ ಇದ್ದವು.

ಹಾಗೆಂದು ಹಗ್ಗ, ತೊಲೆ, ಸೂಲಗಿತ್ತಿ ಎಂದು ಹಾಡಿ ಹೊಗಳಲು ನಾನು ತಯಾರಿಲ್ಲ. ಅಮ್ಮನ ಚೊಚ್ಚಲ ಕೂಸು ಹುಟ್ಟಿದ ಮೂರನೇ ದಿನ ಸತ್ತಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ, ಹೇಳಲೂ ಇಲ್ಲ. ಬಾಣಂತಿ ನಂಜು, ಬಾಣಂತಿ ಸನ್ನಿ ಎಂಬ ಮಾತುಗಳು ನಮ್ಮಲ್ಲಿ ಬೈಗುಳದಷ್ಟೇ ಸಲೀಸಾಗಿ ಬಳಕೆಯಲ್ಲಿದ್ದವು, ಏಕೆಂದರೆ ಪ್ರತಿ ಬೀದಿಯಲ್ಲೂ ಅದರಿಂದ ಸತ್ತವಳು ಒಬ್ಬಳಾದರೂ ಇದ್ದಳು. 2001-03ರಷ್ಟು ಈಚೆಗೂ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. ಮಗು ಅಡ್ಡಲಾಗಿದ್ದರೆ, ರಕ್ತ ನಿಲ್ಲದಿದ್ದರೆ ಎಂಥ ಪಳಗಿದ ಸೂಲಗಿತ್ತಿಯೂ ಕೈಚೆಲ್ಲಿ ಕೂರಬೇಕಿತ್ತು.

ಸಂಪ್ರದಾಯವೇನೂ ಹೆಣ್ಣಿನ ಪರವಾಗಿತ್ತು ಎನ್ನುವಂತಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯಾಚೆಯ ಗುಡಿಸಲಲ್ಲಿ ಇಟ್ಟರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಹೆತ್ತವಳನ್ನು ಒಂಟಿಯಾಗಿ ಬಿಡುವ ವಿದ್ಯೆಯನ್ನು ನಾವು ಆಸ್ಪತ್ರೆಯಿಂದ ಕಲಿತದ್ದಲ್ಲ ಎನ್ನುವುದಕ್ಕೆ ಈ ಒಂದು ಉದಾಹರಣೆ ಸಾಕು.

ಸರ್ಕಾರ ಹೆರಿಗೆಯನ್ನು ಆಸ್ಪತ್ರೆಗೆ ತಂದದ್ದು ಸರಿಯಾದ ಕೆಲಸ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೆಯಲ್ಲಿ ಹೆತ್ತರೆ ದುಡ್ಡು. ಆಮೇಲೆ ಮಡಿಲು ಕಿಟ್, 2008ರಿಂದ 108 ಆಂಬುಲೆನ್ಸ್, ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ಗಾಡಿ, 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟ. ಮನೆಮನೆಗೆ ಹೋಗಿ ಬಸುರಿಯರ ಪಟ್ಟಿ ಮಾಡುವ ಆಶಾ ಕಾರ್ಯಕರ್ತೆಯರು. 2005-06ರಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು 97 ಆಯಿತು. 228 ಇದ್ದ ತಾಯಂದಿರ ಮರಣ ಪ್ರಮಾಣ 2018-20ರಲ್ಲಿ 69ಕ್ಕೆ ಇಳಿಯಿತು. ಪಕ್ಕದ ಕೇರಳದ ಆಗಿನ 19ರ ಮುಂದೆ ಇದು ನಾಚಿಕೆಯ ಅಂಕಿಯೇ, ಆದರೂ ಇಷ್ಟು ಬೇಗ ಇಷ್ಟು ಜೀವ ಉಳಿಸಿದ ಸರ್ಕಾರಿ ಕೆಲಸ ನಮ್ಮಲ್ಲಿ ಹೆಚ್ಚಿಲ್ಲ.

ಹೀಗೆ ಬಸುರಿಯನ್ನು ಮನೆಯಿಂದ ಆಸ್ಪತ್ರೆಗೆ ಸಾಗಿಸುವಾಗ ಸೂಲಗಿತ್ತಿಯ ತುಕ್ಕು ಕುಡುಗೋಲನ್ನು ಮನೆಯಲ್ಲೇ ಬಿಟ್ಟೆವು, ಒಳ್ಳೆಯದಾಯಿತು. ಆದರೆ ಬೆನ್ನ ಹಿಂದೆ ಕೂತಿದ್ದ ಅಜ್ಜಿಯನ್ನೂ ಬಿಟ್ಟುಬಂದೆವು. ಆಕೆಯನ್ನು ಬಿಡಬೇಕು ಎಂದು ಯಾವ ವೈದ್ಯಶಾಸ್ತ್ರವೂ ಹೇಳಿರಲಿಲ್ಲ. ಜಾಗ ಇರಲಿಲ್ಲ, ಅಷ್ಟೇ.

ವೈದ್ಯಶಾಸ್ತ್ರ ಹೇಳುವುದು ತಿರುವುಮುರುವು. ಹೆರಿಗೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ ಎಂಬ ಬಗ್ಗೆ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಜೊತೆಗೆ ಜನ ಇದ್ದವರಿಗೆ ನೋವಿನ ಅವಧಿ ಕಡಿಮೆಯಾಗಿತ್ತು, ಸಿಜೇರಿಯನ್ ಕಡಿಮೆಯಾಗಿತ್ತು, ತಾನಾಗಿ ಆಗುವ ಹೆರಿಗೆ ಹೆಚ್ಚಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಸಮಯದ ಆರೈಕೆಗೆಂದು ಕೊಟ್ಟ 56 ಶಿಫಾರಸುಗಳಲ್ಲಿ, ಹೆಂಗಸು ತಾನು ಬಯಸಿದವರನ್ನು ಜೊತೆಗಿಟ್ಟುಕೊಳ್ಳಬೇಕು ಎಂಬುದೂ ಒಂದು. ನೋವು ತಿನ್ನುವಾಗ ಓಡಾಡಲು ಬಿಡಿ, ಅಂಗಾತವೇ ಮಲಗಿಸಬೇಕಿಲ್ಲ, ಮಗು ಬರುವ ದಾರಿ ಅಗಲ ಮಾಡಲೆಂದು ಎಲ್ಲರಿಗೂ ಕತ್ತರಿ ಹಾಕಬೇಡಿ, ಹೊಟ್ಟೆಯ ಮೇಲೆ ಒತ್ತಿ ಮಗು ನೂಕಬೇಡಿ ಎಂದೂ ಅದರಲ್ಲಿದೆ. ಓದುತ್ತಾ ಹೋದರೆ ಅಜ್ಜಿಯ ಕೋಣೆಯನ್ನೇ ಯಾರೋ ತೊಳೆದು, ಪಕ್ಕದಲ್ಲಿ ಡಾಕ್ಟರನ್ನು ನಿಲ್ಲಿಸಿ ಬರೆದಂತಿದೆ.

ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೂ ಎರಡು ವರ್ಷ ಮೊದಲೇ, 2016ರಲ್ಲಿ, ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದು ಎಂದು ಹೇಳಿತ್ತು. ಸ್ವತಃ ಹೆತ್ತು ಅನುಭವವಿರುವ ಮನೆಯ ಹೆಂಗಸಾದರೆ ಒಳ್ಳೆಯದು, ಸೋಂಕಿನ ಕಾಯಿಲೆ ಇರಬಾರದು, ಶುಭ್ರ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಇರಬೇಕು, ಡಾಕ್ಟರ ಕೆಲಸದಲ್ಲಿ ತಲೆಹಾಕಬಾರದು. ಮರೆಗೆ ಪರದೆ ಇರುವ ಕಡೆ ಗಂಡನನ್ನೂ ಬಿಡಬಹುದು. 2017ರ ಕೊನೆಗೆ ಬಂದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟ ಅಳೆಯುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂದರೆ ಹಕ್ಕು ಕಾಗದದ ಮೇಲೆ ಬಂದು ಎಷ್ಟೋ ವರ್ಷವಾಯಿತು. ನಿಮ್ಮ ಮನೆಯಲ್ಲಿ ಈಚೆಗೆ ಹೆತ್ತವರನ್ನು ಕೇಳಿ ನೋಡಿ, ಇಂಥದ್ದೊಂದು ಇದೆ ಎಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂದು. ತಾಯಿ ಕಾರ್ಡಿನಲ್ಲಿ ಕಬ್ಬಿಣದ ಮಾತ್ರೆಯ ಲೆಕ್ಕ ನೋಡುವವರೂ ಈ ಮಾತು ಎತ್ತುವುದು ಕಡಿಮೆ.

ಯಾಕೆ ಬಿಡುವುದಿಲ್ಲ ಎಂದು ಕೇಳಿದರೆ ಸಿಗುವ ಮೊದಲ ಉತ್ತರ ಸೋಂಕು. ಎರಡನೆಯದು ಜಾಗ. ಎರಡನೆಯದನ್ನು ನಾನು ಒಪ್ಪುತ್ತೇನೆ. ಮೂರು ಮೇಜಿನ ನಡುವೆ ಪರದೆ ಇಲ್ಲದ ಕೋಣೆಗೆ ಮೂವರು ಹೊರಗಿನವರು ಬಂದರೆ ಉಳಿದ ಇಬ್ಬರ ಮಾನ ಎಲ್ಲಿ ಉಳಿಯಿತು? ಆದರೆ ಪರದೆಗೆ ಎಷ್ಟು ದುಡ್ಡು ಬೇಕು? ಸೋಂಕಿನ ಮಾತು ನನಗೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ, ಏಕೆಂದರೆ ಅದೇ ಕೋಣೆಗೆ ಹೊರಗಿನ ಚಪ್ಪಲಿಯಲ್ಲಿ ಆಯಾ ಎಷ್ಟು ಸಲ ಬಂದುಹೋದಳು ಎಂದು ಎಣಿಸಲು ನನಗೆ ಹನ್ನೊಂದು ಗಂಟೆ ಸಮಯವಿತ್ತು. ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಜೊತೆಗಾತಿ ಎಂದರೆ ಸಾಕ್ಷಿ. ಸಾಕ್ಷಿ ಇರುವ ಕಡೆ ತೊಡೆಗೆ ಏಟು ಬೀಳುವುದು ಕಷ್ಟ. ಅವಳ ಅಮ್ಮ ಪಕ್ಕದಲ್ಲಿ ನಿಂತಿದ್ದರೆ 'ಆವಾಗ ಚೆನ್ನಾಗಿತ್ತು' ಎಂಬ ಮಾತು ಆ ಸಿಸ್ಟರ್ ಬಾಯಿಂದ ಬರುತ್ತಿತ್ತೆ? ಡಾಕ್ಟರುಗಳ ಅಂಜಿಕೆಯೂ ಸುಳ್ಳಲ್ಲ. ಏನಾದರೂ ಎಡವಟ್ಟಾದರೆ ಗುಂಪು ಕಟ್ಟಿಕೊಂಡು ಬಂದು ಕಿಟಕಿ ಗಾಜು ಒಡೆಯುವುದು, ಮೊಬೈಲು ಹಿಡಿದು ಬೆದರಿಸುವುದು ನಮ್ಮಲ್ಲಿ ನಡೆಯುತ್ತದೆ. ಆದರೂ ನನಗನ್ನಿಸುವುದು, ಒಳಗೆ ನಡೆದದ್ದನ್ನು ಮೊದಲಿನಿಂದ ಕಂಡವರು ಗಾಜು ಒಡೆಯುವುದು ಕಡಿಮೆ. ಬಾಗಿಲಾಚೆ ಹನ್ನೊಂದು ಗಂಟೆ ಏನೂ ತಿಳಿಯದೆ ಕೂತು, ಕೊನೆಗೆ 'ಕಳಕೊಂಡ್ವಿ' ಎಂಬ ಒಂದೇ ಮಾತು ಕೇಳಿದವರಿಗೆ ಸಿಟ್ಟು ನೆತ್ತಿಗೇರುತ್ತದೆ.

ಒಂಟಿತನ ಜೀವಕ್ಕೂ ಎರವಾಗಬಹುದು ಎನ್ನುವುದನ್ನು 2022ರ ನವೆಂಬರ್‌ನಲ್ಲಿ ತುಮಕೂರು ಕಂಡಿತು. ತಮಿಳುನಾಡು ಮೂಲದ ಒಬ್ಬ ಬಸುರಿ, ಗಂಡ ಇಲ್ಲ, ಜೊತೆಗಿದ್ದದ್ದು ಪುಟ್ಟ ಮಗಳು. ನೋವು ಬಂದಾಗ ಅಕ್ಕಪಕ್ಕದವರೇ ಕಾಸು ಕೂಡಿಸಿ ಆಟೊದಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಅಲ್ಲಿ ಸೇರಿಸಿಕೊಳ್ಳದೆ ವಾಪಸು ಕಳಿಸಿದ್ದರಿಂದ ಮನೆಯಲ್ಲೇ ಹೆತ್ತಳು. ಅವಳೂ, ಅವಳಿ ಮಕ್ಕಳೂ ಸತ್ತರು. ಡಾಕ್ಟರು, ನರ್ಸುಗಳು ಅಮಾನತಾದರು. ಪರವಾಗಿ ನಿಂತು ಗಟ್ಟಿದನಿಯಲ್ಲಿ ಜಗಳವಾಡುವವರು ಇದ್ದಿದ್ದರೆ ಅವಳನ್ನು ಕಳಿಸುತ್ತಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಆಸ್ಪತ್ರೆಗಳಲ್ಲಿ ಜೊತೆಗೆ ಬಂದವರ ಮುಖ ನೋಡಿ ರೋಗಿಗೆ ಬೆಲೆ ಕಟ್ಟುತ್ತಾರೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಅನುಮಾನ ಹೋದದ್ದು ಡ್ರಿಪ್ ಬಾಟಲಿಯ ಮೇಲೆ, ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಅಲ್ಲಿ ಪಕ್ಕದಲ್ಲಿ ಅಮ್ಮ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ, ಬಾಟಲಿಯೊಳಗಿನದು ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಆದರೆ ಆ ಗದ್ದಲದಲ್ಲಿ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ಶೇ 70ರಷ್ಟು ತಪ್ಪಿಸಬಹುದಾಗಿದ್ದವು ಎಂದು ಆ ಪರಿಶೀಲನೆ ಹೇಳಿತು. ಬಾಟಲಿಯ ಸುದ್ದಿ ತಿಂಗಳುಗಟ್ಟಲೆ ಓಡಿತು, ಈ ಅಂಕಿ ಎರಡು ದಿನ ಓಡಿರಬೇಕು.

ಹೆರಿಗೆಯಲ್ಲಿ ಸಾಯುವವರಲ್ಲಿ ಬಹಳ ಜನ ಹೋಗುವುದು ರಕ್ತಸ್ರಾವದಿಂದ, ಬಿ.ಪಿ. ಏರಿ ಫಿಟ್ಸ್ ಬಂದು, ನಂಜಾಗಿ. ಮೂರೂ ಗಂಟೆಗಳ ಲೆಕ್ಕದಲ್ಲಿ ಬೆಳೆಯುವ ಕಾಯಿಲೆಗಳು. ಬಟ್ಟೆ ಒದ್ದೆಯಾಗುತ್ತಿದೆ, ಮೈ ತಣ್ಣಗಾಗುತ್ತಿದೆ, ಕಣ್ಣು ಮಂಜಾಗುತ್ತಿದೆ ಅನ್ನುತ್ತಿದ್ದಾಳೆ ಎಂದು ಮೊದಲು ಗಮನಿಸುವುದು ಹಾಸಿಗೆಯ ಪಕ್ಕ ಕೂತವರು. ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಎಷ್ಟು ಜನರ ಬಟ್ಟೆ ನೋಡಿಯಾರು? ಜೊತೆಗಾತಿ ಡಾಕ್ಟರಿಗೆ ಬದಲಿಯಲ್ಲ, ಆದರೆ ಡಾಕ್ಟರನ್ನು ಕೂಗಿ ಕರೆಯುವವಳು ಬೇಕೇ ಬೇಕು.

ಇನ್ನು 'ನಾರ್ಮಲ್ಲಾ, ಸಿಜೇರಿಯನ್ನಾ?' ಎಂಬ ನಮ್ಮ ರಾಷ್ಟ್ರೀಯ ಪ್ರಶ್ನೆ. ಕರ್ನಾಟಕದಲ್ಲಿ ಸಿಜೇರಿಯನ್ 2015-16ರಲ್ಲಿ ಶೇ 23.6 ಇದ್ದದ್ದು ನಾಲ್ಕೇ ವರ್ಷದಲ್ಲಿ 31.5ಕ್ಕೆ ಏರಿತು, ದೇಶದ ಸರಾಸರಿ 21.5 ಇದ್ದಾಗ. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು. ಒಂದು ಜನಸಮುದಾಯದಲ್ಲಿ ಈ ಪ್ರಮಾಣ ಶೇ 10 ದಾಟಿದ ಮೇಲೆ ಅದರಿಂದ ಹೆಚ್ಚು ಜೀವವೇನೂ ಉಳಿಯುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ದುಡ್ಡಿನ ಆಸೆ ಎಂದು ಆಸ್ಪತ್ರೆಗಳನ್ನು ಬೈಯುತ್ತೇವೆ, ಸುಳ್ಳೂ ಅಲ್ಲ. ಆದರೆ ಜೋಯಿಸರಲ್ಲಿ ನಕ್ಷತ್ರ ಕೇಳಿಕೊಂಡು ಬಂದು ಇಂಥ ಗಂಟೆಗೆ ಕೊಯ್ಯಿರಿ ಎನ್ನುವವರು ನಮ್ಮ ಮನೆಯವರೇ. 'ನೋವು ನೋಡೋಕಾಗಲ್ಲ, ಆಪರೇಷನ್ ಮಾಡಿಬಿಡಿ' ಎಂದು ಬಾಗಿಲಾಚೆಯಿಂದ ಹೇಳಿ ಕಳಿಸುವವರೂ ನಾವೇ. ಒಳಗಿರುವವಳೂ ಅದನ್ನೇ ಬೇಡುತ್ತಾಳೆ, ಏಕೆಂದರೆ ಅವಳಿಗೆ ನೋವಿಗಿಂತ ಹೆಚ್ಚಾಗಿ ಆ ಕೋಣೆಯ ಭಯ. ನನ್ನ ಎರಡನೇ ಹೆರಿಗೆ ಸಿಜೇರಿಯನ್. ಡಾಕ್ಟರ್ ಬೇಕಾದರೆ ಕಾಯೋಣ ಎಂದಿದ್ದರು. ಕಾಯುವುದೆಂದರೆ ಎಲ್ಲಿ ಕಾಯಬೇಕು ಎನ್ನುವುದು ನನಗೆ ಚೆನ್ನಾಗಿ ನೆನಪಿತ್ತು, ಅದಕ್ಕೇ ಬೇಡ ಎಂದೆ. ಆಮೇಲೆ ನೋಡಲು ಬಂದವರೆಲ್ಲ 'ಅಯ್ಯೋ, ಮೊದಲನೆಯದು ನಾರ್ಮಲ್ ಆಗಿತ್ತಲ್ಲ' ಎಂದು ನನಗಾಗಿ ಮರುಗಿದರು.

ಮೊದಲ ಹೆರಿಗೆಯ ಆ ಬೆಳಗ್ಗೆ ಆಯಾ ಬಾಗಿಲು ಅರ್ಧ ತೆರೆದು ಮಗುವಿನ ಮುಖ ತೋರಿಸಿ, 'ಹೆಣ್ಣಾದ್ದರಿಂದ ಮುನ್ನೂರು ಸಾಕು, ಗಂಡಾಗಿದ್ರೆ ಐನೂರು' ಎಂದಿದ್ದಳಂತೆ. ಅಮ್ಮ ಐನೂರೇ ಕೊಟ್ಟಳು. ಇದನ್ನು ಅವಳು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಲಂಚ ಕೊಟ್ಟು ಹೆಮ್ಮೆಪಟ್ಟವಳನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿಂದ ಮುಂದೆ ಸಮಾಜ ದಂಡೆತ್ತಿ ಬಂತು. ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಯಾಗಿ ಕಟ್ಟಿದ ಹಳೆ ಸೀರೆ, ಬೆಳ್ಳುಳ್ಳಿ, ಮೆಣಸಿನ ಸಾರು. ನೀರು ಮಾತ್ರ ಕೇಳಬಾರದು, ಹೊಟ್ಟೆ ಬರುತ್ತದೆ. ಹನ್ನೊಂದು ಗಂಟೆ ಜೊತೆಗೆ ಯಾರೂ ಇರಲಿಲ್ಲ, ಆಮೇಲೆ ಮೂರು ತಿಂಗಳು ಒಂದು ಗಳಿಗೆ ಒಬ್ಬಳೇ ಇರಲು ಬಿಡಲಿಲ್ಲ. ಬಾಣಂತನದ ಆ ಎಣ್ಣೆ ನೀರಿನ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ, ನನ್ನ ಸೊಂಟ ಇವತ್ತಿಗೂ ಗಟ್ಟಿಯಾಗಿದ್ದರೆ ಅದು ಅಮ್ಮನ ಕೈಯಿಂದ. ಆದರೆ ಮಧ್ಯಾಹ್ನದ ಹೊತ್ತು ಕಾರಣವಿಲ್ಲದೆ ಅಳು ಬಂದಾಗ, 'ಬಾಣಂತಿ ಅಳಬಾರದು, ಹಾಲು ಬತ್ತುತ್ತೆ' ಎಂದು ಎಲ್ಲರೂ ಬಾಯಿ ಮುಚ್ಚಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನಸ್ಸು ಕೆಟ್ಟ ಬಾಣಂತಿಯನ್ನು ಮಗುವಿನಿಂದ ಬೇರೆ ಮಾಡದೆ ಇಬ್ಬರನ್ನೂ ಒಟ್ಟಿಗೇ ಇಟ್ಟು ನೋಡಿಕೊಳ್ಳುವ ವಿಭಾಗ 2009ರಿಂದ ಇದೆ. ಹಾಗೊಂದು ಇದೆ ಎಂದು ನನಗೆ ತಿಳಿದದ್ದು ಮಗಳು ಶಾಲೆಗೆ ಹೋಗತೊಡಗಿದ ಮೇಲೆ.

ಗಂಡಸರ ಬಗ್ಗೆ ಎರಡೇ ಮಾತು. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕೆಲಸದವನಿಗೆ ಕಾನೂನು ಏನೂ ಕೊಟ್ಟಿಲ್ಲ. ನನ್ನ ಗಂಡ ಆ ರಾತ್ರಿಯೆಲ್ಲ ಆಸ್ಪತ್ರೆ ಎದುರಿನ ಟೀ ಅಂಗಡಿಯಲ್ಲಿದ್ದರು, ಏಕೆಂದರೆ ಕಾರಿಡಾರಿನಲ್ಲಿ ಗಂಡಸರು ನಿಲ್ಲುವಂತಿರಲಿಲ್ಲ. ಎಷ್ಟು ಟೀ ಕುಡಿದೆ ಎಂಬುದನ್ನು ಬಿಟ್ಟರೆ ಮಗಳ ಹುಟ್ಟಿನ ಬಗ್ಗೆ ಹೇಳಲು ಅವರ ಹತ್ತಿರ ಬೇರೆ ಕತೆ ಇಲ್ಲ. ಇದರಲ್ಲಿ ಅವರ ತಪ್ಪು ಅಷ್ಟೇನಿಲ್ಲ.

ಹೋದ ವರ್ಷ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾಯಿತು, ಬೇರೊಂದು ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಚಿಕ್ಕಮ್ಮನಿಗೆ ಗೌನು, ತಲೆಗೆ ಟೋಪಿ ಕೊಟ್ಟು ಒಳಗೆ ಬಿಟ್ಟರು. ಮೇಜುಗಳ ನಡುವೆ ನೀಲಿ ಪರದೆ ಇತ್ತಂತೆ. ಚಿಕ್ಕಮ್ಮ ಸೊಂಟ ಉಜ್ಜುತ್ತಾ, ಎಳನೀರು ಕುಡಿಸುತ್ತಾ, ಕೊನೆಕೊನೆಗೆ ಮಗಳಿಗಿಂತ ಜೋರಾಗಿ ತಾನೇ ಮುಕ್ಕುತ್ತಾ ಇದ್ದಳಂತೆ. ಸಿಸ್ಟರ್ ನಕ್ಕು, 'ಅಮ್ಮಾ, ನೀವು ಹೆರಬೇಡಿ' ಎಂದರಂತೆ.

ಇದನ್ನು ಅಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮನ್ನೆಲ್ಲ ಮನೆಯಲ್ಲೇ ಹೆತ್ತವಳು, ನನ್ನ ಮತ್ತು ಅಕ್ಕನ ಹೆರಿಗೆಗಳಿಗೆ ಬಾಗಿಲಾಚೆ ಕೂತವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಳಗೆ ಮಂಚ ಇರುತ್ತಾ, ಬೆಂಚಾ?' ಎಂದು ಕೇಳಿದಳು.